ಅಪಘಾತವಾಗಿ ಕೆಲಸ ನಿಂತರೆ: ಇಂಗ್ಲೆಂಡಿನಲ್ಲಿ ಸ್ವಂತ ದುಡಿಮೆ ಮಾಡುವ ಹೊಸಬರಿಗೆ

ರೆಡಿಂಗ್‌ನಲ್ಲಿ ನಾನು ಡ್ರೈವಿಂಗ್ ಕಲಿಸುತ್ತಿದ್ದಾಗ ಹಿಂದಿನಿಂದ ಬಂದ ವ್ಯಾನೊಂದು ಕಾರಿಗೆ ಗುದ್ದಿತು. ಬಲ ಮಣಿಕಟ್ಟು ಮುರಿಯಿತು, ಹನ್ನೊಂದು ವಾರ ಮನೆಯಲ್ಲಿ ಕೂತೆ. ನೌಕರಿಯವರಿಗೆ ಸಿಗುವ ಸ್ಟ್ಯಾಚುಟರಿ ಸಿಕ್ ಪೇ (ಹುಷಾರಿಲ್ಲದಾಗ ಕಾನೂನಿನ ಪ್ರಕಾರ ಮಾಲೀಕರು ಕೊಡಬೇಕಾದ ಹಣ) ನಮ್ಮಂಥವರಿಗೆ ಇಲ್ಲ. ತಪ್ಪು ಮಾಡಿದವನ ಇನ್ಶೂರೆನ್ಸ್ ಕಂಪನಿಯಿಂದಲೇ ಕೇಳಿ ಪಡೆಯಬೇಕು. ಡಿಪೆಂಡೆಂಟ್ ವೀಸಾದಲ್ಲಿ ಬಂದು ಟಿಫಿನ್, ಟ್ಯಾಕ್ಸಿ, ಸಂಗೀತ ಪಾಠ ಅಂತ ಶುರು ಮಾಡಿದವರು ಈಗ ಬಹಳ ಜನ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊದಲು ಮಾಡಿದ ದಡ್ಡತನ: ವಾರಕ್ಕೆ 800 ಪೌಂಡ್ ಬರುತ್ತಿತ್ತು, ಹನ್ನೊಂದರಿಂದ ಗುಣಿಸಿ ಕೊಡಿ ಅಂದೆ. ನನ್ನ ಸಾಲಿಸಿಟರ್ (ವಕೀಲರು) ನಕ್ಕರು. ಬಂದ ಹಣಕ್ಕೆ ಪರಿಹಾರ ಇಲ್ಲ, ಕಳೆದುಕೊಂಡ ಲಾಭಕ್ಕೆ ಮಾತ್ರ. ಪಾಠ ನಿಂತದ್ದರಿಂದ ವಾರಕ್ಕೆ 110 ಪೌಂಡ್ ಪೆಟ್ರೋಲ್ ಉಳಿಯಿತು, ಅದನ್ನು ಕಳೆಯಬೇಕು. ಉಳಿದ 690ರಿಂದ ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ (ಸರ್ಕಾರಕ್ಕೆ ಕಟ್ಟುವ ಸಾಮಾಜಿಕ ವಿಮೆಯ ಕಂತು) ಹೋಗುತ್ತವೆ.

ಇಲ್ಲೊಂದು ಗುಂಡಿ ಇದೆ, ನೋಡಿಕೊಂಡು ನಡೆಯಿರಿ. ಎದುರು ಕಂಪನಿಯವರು ಟ್ಯಾಕ್ಸ್ ರಿಟರ್ನ್‌ನಲ್ಲಿರುವ ವರ್ಷದ ಲಾಭವನ್ನು 52ರಿಂದ ಭಾಗಿಸಿ ‘ವಾರಕ್ಕೆ ಇಷ್ಟೇ’ ಅನ್ನುತ್ತಾರೆ. ಆ ಲಾಭದಲ್ಲಿ ಕಾರಿನ ಕಂತು, ವಿಮೆ, ಫೋನ್ ಬಿಲ್ ಆಗಲೇ ಕಳೆದಿರುತ್ತವೆ. ಆದರೆ ನಾನು ಹಾಸಿಗೆಯಲ್ಲಿದ್ದಾಗಲೂ ಕಾರಿನ ಕಂತು ಕಟ್ಟುತ್ತಲೇ ಇದ್ದೆ! ನಿಲ್ಲದ ಖರ್ಚುಗಳನ್ನು ಕಳೆಯಬಾರದು. ಅವುಗಳ ರಸೀದಿ ಬೇರೆಯಾಗಿ ಜೋಡಿಸಿ ತೋರಿಸಿದ ಮೇಲೆಯೇ ನನ್ನ ಅಂಕಿ ಒಪ್ಪಿದ್ದು.

ಸಾಕ್ಷ್ಯಕ್ಕೆ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿ ಖಾತೆಯಿಂದ ಎಸ್‌ಎ302 (ವರ್ಷದ ಆದಾಯ, ತೆರಿಗೆಯ ಲೆಕ್ಕಪತ್ರ) ಇಳಿಸಿಕೊಳ್ಳಿ, ಮೂರು ವರ್ಷದ್ದಿದ್ದರೆ ಒಳ್ಳೆಯದು. ಆದರೆ ಇಲ್ಲಿಯ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರು, ರಿಟರ್ನ್ ಕೊಡಲು ಆ ವರ್ಷ ಮುಗಿದ ಮೇಲೆ ಬರುವ ಜನವರಿ 31ರವರೆಗೆ ಸಮಯ. ಹಾಗಾಗಿ ಹೊಸಬರ ಹತ್ತಿರ ಒಂದೂ ರಿಟರ್ನ್ ಇಲ್ಲದಿರಬಹುದು. ಆಗ ಬುಕಿಂಗ್ ಡೈರಿ, ಇನ್‌ವಾಯ್ಸ್, ಆ್ಯಪ್‌ನ ವಾರದ ಲೆಕ್ಕ, ‘ಈ ವಾರ ಪಾಠ ಬೇಡ’ ಅಂದ ವಾಟ್ಸಾಪ್ ಸಂದೇಶ, ಎಲ್ಲವೂ ಬೇಕು. ಜಿಪಿಯಿಂದ (ಕುಟುಂಬ ವೈದ್ಯರಿಂದ) ಫಿಟ್ ನೋಟ್, ಅಂದರೆ ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ ಎಂಬ ಚೀಟಿ, ಕೇಳಿ. ಸ್ವಂತ ದುಡಿಮೆಯವರಿಗೂ ಕೊಡುತ್ತಾರೆ.

ನಗದಿನಲ್ಲಿ ಬಂದು ರಿಟರ್ನ್‌ಗೆ ಸೇರದ ದುಡ್ಡನ್ನು ಮರೆತುಬಿಡಿ. ಅಂಕಿಯನ್ನು ಉಬ್ಬಿಸಲೂ ಹೋಗಬೇಡಿ: 2015ರ ಕಾಯ್ದೆಯೊಂದರ ಪ್ರಕಾರ ಮೂಲಭೂತ ಅಪ್ರಾಮಾಣಿಕತೆ ಕಂಡರೆ, ನಿಜವಾದ ಗಾಯದ ಪರಿಹಾರವೂ ಸೇರಿ ಇಡೀ ಕ್ಲೇಮನ್ನು ನ್ಯಾಯಾಧೀಶರು ವಜಾ ಮಾಡಬಹುದು. ಇನ್ನೊಂದು, ಮಾಡಬಹುದಾದ ಹಗುರ ಕೆಲಸವನ್ನು ಬಿಟ್ಟು ಕೂರಬಾರದು. ನಾನು ಕೂತಲ್ಲೇ ಥಿಯರಿ ಪಾಠ ಹೇಳಿ ಅಲ್ಪಸ್ವಲ್ಪ ಗಳಿಸಿದೆ. ಅಷ್ಟು ಕಳೆದರು, ಆದರೆ ಮತ್ತೆ ಯಾರೂ ಅನುಮಾನದಿಂದ ಮಾತಾಡಲಿಲ್ಲ. ಬದಲಿ ಆಳನ್ನು ಇಟ್ಟು ವ್ಯವಹಾರ ನಡೆಸಿದರೆ ಅವರ ಕೂಲಿಯನ್ನು ಕೇಳಬಹುದು.

2021ರ ಮೇ 31ರಂದು ಅಥವಾ ಆಮೇಲೆ ಆದ ಅಪಘಾತದಲ್ಲಿ, ಕಾರಿನಲ್ಲಿದ್ದ ವಯಸ್ಕರ ಗಾಯಕ್ಕಷ್ಟೇ ಸಿಗುವ ಪರಿಹಾರ 5,000 ಪೌಂಡ್, ಒಟ್ಟು ಕ್ಲೇಮ್ 10,000 ಪೌಂಡ್ ಮೀರದಿದ್ದರೆ ‘ಅಫಿಷಿಯಲ್ ಇಂಜುರಿ ಕ್ಲೇಮ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನೀವೇ ಹಾಕಬಹುದು. ಅಲ್ಲಿ ಸಾಲಿಸಿಟರ್ ಇಟ್ಟುಕೊಂಡರೆ ಸಾಮಾನ್ಯವಾಗಿ ಆ ಖರ್ಚು ನಿಮ್ಮದೇ. ಸೈಕಲ್, ಮೋಟಾರ್‌ಸೈಕಲ್‌ನಲ್ಲಿ ಡೆಲಿವರಿ ಮಾಡುವವರಿಗೆ ಈ 5,000ದ ಮಿತಿ ಅನ್ವಯಿಸದು. ಗುದ್ದಿದವನು ಓಡಿಹೋದರೆ, ಅಥವಾ ಅವನಿಗೆ ವಿಮೆ ಇಲ್ಲದಿದ್ದರೆ ಪೊಲೀಸರಿಗೆ ತಿಳಿಸಿ, ಇಂಥ ಸಂದರ್ಭದಲ್ಲಿ ಪರಿಹಾರ ಕೊಡುವ ಮೋಟಾರ್ ಇನ್ಶೂರರ್ಸ್ ಬ್ಯೂರೋಗೆ ಬರೆಯಿರಿ.

‘ಪರಿಹಾರ ತಗೊಂಡರೆ ವೀಸಾಕ್ಕೆ ತೊಂದರೆಯಾ?’ ಅಂತ ಹಲವರು ಕೇಳುತ್ತಾರೆ. ಇಲ್ಲ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್, ಪಬ್ಲಿಕ್ ಫಂಡ್ಸ್ (ಇಂಥ ವೀಸಾದವರು ಸಾಮಾನ್ಯವಾಗಿ ಪಡೆಯಬಾರದ ಸರ್ಕಾರಿ ನೆರವು) ಲೆಕ್ಕಕ್ಕೆ ಬರುತ್ತದೆ. ವಿಮೆಯವರು ಕೊಡುವ ಪರಿಹಾರ ಬರುವುದಿಲ್ಲ.

ಅಪಘಾತವಾದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷದೊಳಗೆ ಕೋರ್ಟಿನಲ್ಲಿ ದಾವೆ ಹೂಡಿರಬೇಕು. ವಿಮೆಯವರ ಜೊತೆ ಪತ್ರವ್ಯವಹಾರ ನಡೆಯುತ್ತಿದೆ ಅಂದ ಮಾತ್ರಕ್ಕೆ ಆ ಗಡುವು ಮುಂದೆ ಹೋಗುವುದಿಲ್ಲ. ನನ್ನದು ಹದಿನಾಲ್ಕು ತಿಂಗಳಿಗೆ ಮುಗಿಯಿತು, ಅದರಲ್ಲಿ ಐದು ತಿಂಗಳು ಹಳೆಯ ರಸೀದಿ ಹುಡುಕುವುದರಲ್ಲೇ ಹೋಯಿತು.