ರಾಗಿ ಮಣ್ಣಿ ಬರುತ್ತಾ? ಹಾಗಾದರೆ ಹಾಲಿಲ್ಲದ ಐಸ್‌ಕ್ರೀಮೂ ಬರುತ್ತದೆ

ರಾಗಿ ಮಣ್ಣಿ ಮಾಡಿ ಗೊತ್ತಿರುವವರಿಗೆ ಹಾಲಿಲ್ಲದ ಐಸ್‌ಕ್ರೀಮ್‌ನ ಅರ್ಧ ಕೆಲಸ ಆಗಲೇ ಗೊತ್ತಿದೆ. ರಾಗಿ ಹಾಲು, ತೆಂಗಿನ ಹಾಲು, ಬೆಲ್ಲ. ಸಣ್ಣ ಉರಿಯಲ್ಲಿ ಕೈ ಬಿಡದೆ ಮಗುಚಿ ತಟ್ಟೆಗೆ ಸುರಿದರೆ ಮಣ್ಣಿ. ಅದನ್ನೇ ಸ್ವಲ್ಪ ತೆಳ್ಳಗೆ ಮಾಡಿ, ದಪ್ಪ ತೆಂಗಿನ ಹಾಲು ಜಾಸ್ತಿ ಹಾಕಿ, ಫ್ರೀಜರ್‌ನಲ್ಲಿಟ್ಟು ನಡುನಡುವೆ ಕಡೆದರೆ ಐಸ್‌ಕ್ರೀಮ್. ಕರಾವಳಿಯ ನಮ್ಮ ಮನೆಗಳಲ್ಲಿ ಇದಕ್ಕೆ ಬೇಕಾದ ಸಾಮಾನು ಯಾವಾಗಲೂ ಇರುತ್ತದೆ.

ನನ್ನ ಮಗಳಿಗೆ ಈಗ ಆರು ವರ್ಷ. ಹಾಲಿನ ಅಲರ್ಜಿ ಇದೆ ಅಂತ ಅವಳು ಅಂಬೆಗಾಲಿಡುವಾಗಲೇ ಗೊತ್ತಾಗಿತ್ತು. ನಾಲ್ಕನೇ ವರ್ಷದಲ್ಲಿ ಒಂದು ಮದುವೆ ಊಟದಲ್ಲಿ, "ಇದು ಬರೀ ಹಣ್ಣಿನ ರಸದ್ದು, ಹಾಲು ಹಾಕಿಲ್ಲ" ಅಂತ ಕೊಟ್ಟ ಕಿತ್ತಳೆ ಐಸ್ ತಿಂದಳು. ಹಾಲು ಹಾಕಿರಲಿಲ್ಲ, ನಿಜ. ಆದರೆ ವೆನಿಲಾ ತೆಗೆದ ಚಮಚದಲ್ಲೇ ಅದನ್ನೂ ತೆಗೆದಿದ್ದರು. ಹತ್ತು ನಿಮಿಷದಲ್ಲಿ ತುಟಿ ಊದಿತು, ಕುತ್ತಿಗೆಯ ಸುತ್ತ ಕೆಂಪು ದದ್ದು ಎದ್ದವು. ಆಸ್ಪತ್ರೆಗೆ ಓಡಿದೆವು, ರಾತ್ರಿಯೊಳಗೆ ಸರಿಹೋಯಿತು. ಅವತ್ತಿನಿಂದ ಅವಳ ಐಸ್‌ಕ್ರೀಮ್ ಮನೆಯದೇ.

ಅಲರ್ಜಿ ಬೇರೆ, ಜೀರ್ಣ ಆಗದಿರುವುದು ಬೇರೆ

ಒಲೆ ಹಚ್ಚುವ ಮೊದಲು ಇದು ಸ್ಪಷ್ಟವಾಗಿರಲಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿ ಆಗುವವರು ಎಷ್ಟೋ ಜನ ಇದ್ದಾರೆ. ಅವರಿಗೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಜೀರ್ಣ ಆಗುವುದಿಲ್ಲ. ತೊಂದರೆ ಹೊಟ್ಟೆಯದು. ಅಲರ್ಜಿ ಹಾಗಲ್ಲ. ಹಾಲಿನಲ್ಲಿರುವ ಕೇಸಿನ್, ವೇ ಎಂಬ ಪ್ರೋಟೀನ್‌ಗಳನ್ನು ಮಗುವಿನ ದೇಹ ಶತ್ರು ಅಂದುಕೊಂಡು ಅದರ ಮೇಲೆ ಬೀಳುತ್ತದೆ. ದದ್ದು, ವಾಂತಿ, ತುಟಿ ಊತ, ಕೆಲವರಿಗೆ ಉಸಿರೇ ಕಟ್ಟಬಹುದು. ಹಾಗಾಗಿ ಲ್ಯಾಕ್ಟೋಸ್ ತೆಗೆದ ಹಾಲು ಅಲರ್ಜಿಯ ಮಗುವಿಗೆ ಆಗುವುದಿಲ್ಲ. ಪ್ರೋಟೀನ್ ಅದರಲ್ಲೂ ಹಾಗೇ ಇರುತ್ತದೆ. ಹಸುವಿನ ಹಾಲು ಬೇಡ, ಎಮ್ಮೆಯದೋ ಆಡಿನದೋ ಕೊಡಿ ಅಂತ ಹೇಳುವವರು ಸಿಗುತ್ತಾರೆ. ಅವುಗಳ ಪ್ರೋಟೀನೂ ಹೆಚ್ಚುಕಡಿಮೆ ಅದೇ ಥರದ್ದು, ಕೊಡಬೇಡಿ.

ತುಪ್ಪದ ವಿಷಯಕ್ಕೆ ನಮ್ಮ ಮನೆಯಲ್ಲಿ ಬಹಳ ದಿನ ಮಾತು ನಡೆದಿತ್ತು. ಮಣ್ಣಿ ಸುರಿಯುವ ತಟ್ಟೆಗೆ ತುಪ್ಪ ಸವರುವುದು ಅತ್ತೆಯ ಕೈಗೆ ರೂಢಿಯಾದ ಕೆಲಸ. "ಕಾಯಿಸಿದ ತುಪ್ಪದಲ್ಲಿ ಹಾಲೆಲ್ಲಿದೆ ಮಾರಾಯ್ತಿ?" ಅಂತ ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಸೋಸಿದ ತುಪ್ಪದಲ್ಲೂ ಹಾಲಿನ ಅಂಶ ಚೂರು ಉಳಿದಿರಬಹುದು. ಈಗ ಅತ್ತೆಯೇ ಆ ತಟ್ಟೆಗೆ ತೆಂಗಿನೆಣ್ಣೆ ಸವರುತ್ತಾರೆ.

ಪೊಟ್ಟಣದ ಹಿಂಬದಿ ಓದಿ

"ಫ್ರೋಜನ್ ಡೆಸರ್ಟ್" ಅಂತ ಬರೆದ ಡಬ್ಬಿ ನೋಡಿ, ಇದು ಐಸ್‌ಕ್ರೀಮ್ ಅಲ್ಲ, ಹಾಲಿರಲಿಕ್ಕಿಲ್ಲ ಅಂದುಕೊಳ್ಳುವವರು ತುಂಬಾ ಜನ. ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಹಾಕಿರುತ್ತಾರೆ ಅಷ್ಟೇ. ಹಾಲಿನ ಪುಡಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಸಿರು ಚುಕ್ಕೆ ಕೂಡ ಸಸ್ಯಾಹಾರ ಅಂತ ಮಾತ್ರ ಹೇಳುತ್ತದೆ, ಹಾಲಿಲ್ಲ ಅಂತ ಅಲ್ಲ. ಮಿಲ್ಕ್ ಸಾಲಿಡ್ಸ್, ವೇ ಪೌಡರ್, ಕೇಸಿನೇಟ್, ಲ್ಯಾಕ್ಟೋಸ್, ಬಟರ್ ಆಯಿಲ್ – ಇವೆಲ್ಲ ಹಾಲಿನಿಂದ ಬಂದವೇ. ನಮ್ಮ ದೇಶದ ಲೇಬಲ್ ನಿಯಮದ ಪ್ರಕಾರ ಹಾಲು ಇದ್ದರೆ ಅದನ್ನು ಅಲರ್ಜಿ ಸೂಚನೆಯಲ್ಲಿ ಬೇರೆಯಾಗಿ ಬರೆಯಲೇಬೇಕು. "ಕಂಟೇನ್ಸ್" ಅಂತ ಶುರುವಾಗುವ ಆ ಸಣ್ಣ ಸಾಲನ್ನು ಮೊದಲು ಹುಡುಕಿ.

ಇದಕ್ಕಿಂತ ದೊಡ್ಡ ಮೋಸ ತೆಂಗಿನ ಹಾಲಿನ ಪುಡಿಯಲ್ಲಿದೆ. ಹೆಸರಲ್ಲೇ ತೆಂಗು ಇದೆ, ಹಾಗಾಗಿ ಯಾರೂ ತಿರುಗಿಸಿ ನೋಡುವುದಿಲ್ಲ. ಆದರೆ ಪುಡಿ ನೀರಿನಲ್ಲಿ ಚೆನ್ನಾಗಿ ಕರಗಲಿ ಅಂತ ಎಷ್ಟೋ ಕಡೆ ಅದಕ್ಕೆ ಸೋಡಿಯಂ ಕೇಸಿನೇಟ್ ಸೇರಿಸಿರುತ್ತಾರೆ. ಅದು ಅಪ್ಪಟ ಹಾಲಿನ ಪ್ರೋಟೀನ್. ತೆಂಗಿನಕಾಯಿಯಿಂದ ನೀವೇ ಹಿಂಡಿದ ಹಾಲಿನಷ್ಟು ಧೈರ್ಯ ಬೇರೆ ಯಾವುದರಲ್ಲೂ ಇಲ್ಲ.

ಜಾರ್‌ನ ರಬ್ಬರ್ ತೆಗೆದು ನೋಡಿ

ಇದನ್ನು ದಯವಿಟ್ಟು ಈಗಲೇ ಎದ್ದು ಹೋಗಿ ಮಾಡಿ. ಮಿಕ್ಸಿ ಜಾರ್‌ನ ಮುಚ್ಚಳದ ಒಳಗೊಂದು ರಬ್ಬರ್ ಬಳೆ ಇರುತ್ತದಲ್ವಾ? ಚಮಚದ ಹಿಡಿಯಿಂದ ಅದನ್ನು ಎಬ್ಬಿಸಿ. ಲಸ್ಸಿ, ಮಿಲ್ಕ್‌ಶೇಕ್ ಮಾಡುವ ಜಾರ್ ಆದರೆ ಆ ಸಂದಿಯಲ್ಲಿ ಬಿಳಿ ಪಸೆ ಅಂಟಿಕೊಂಡಿರುತ್ತದೆ. ದಿನಾ ತೊಳೆದರೂ ಅದು ಹೋಗಿರುವುದಿಲ್ಲ. ಬ್ಲೇಡಿನ ಬುಡದಲ್ಲೂ ಅದೇ ಕಥೆ. ನನ್ನ ಮಗಳಿಗೆ ಕಾರಣವೇ ಗೊತ್ತಾಗದೆ ಆಗಾಗ ದದ್ದು ಏಳುತ್ತಿತ್ತು. ಅವಳಿಗೆ ಅಂತ ಬೇರೆ ಜಾರ್ ತಂದ ಮೇಲೆ ಅದು ನಿಂತಿತು.

ಮರದ ಕಡೆಗೋಲು, ಮರದ ಸೌಟು ಬೇಡ. ಮರ ಮಜ್ಜಿಗೆಯನ್ನು ಹೀರಿಕೊಂಡಿರುತ್ತದೆ. ಸ್ಟೀಲಿನ ಪಾತ್ರೆ, ಸ್ಟೀಲಿನ ಸೌಟು, ಹೊಸದೊಂದು ವಿಸ್ಕ್, ಹೊಸದೊಂದು ತೆಳು ಬಟ್ಟೆ ಸಾಕು. ನಾವು ಅವಳ ಸಾಮಾನಿಗೆಲ್ಲ ಕೆಂಪು ನೂಲು ಕಟ್ಟಿದ್ದೇವೆ.

ತೆಂಗಿನ ಹಾಲು ಹಿಂಡುವುದು

ಚೆನ್ನಾಗಿ ಬಲಿತ ಎರಡು ತೆಂಗಿನಕಾಯಿ ತೆಗೆದುಕೊಳ್ಳಿ. ಎಳೆಕಾಯಿಯಲ್ಲಿ ಕೊಬ್ಬು ಸಾಲದು, ಒಣ ಕೊಬ್ಬರಿಯಲ್ಲಿ ಕಮಟು ವಾಸನೆ ಬರುವ ಭಯ. ತುರಿಯುವಾಗ ಬಿಳಿ ಭಾಗ ಮಾತ್ರ ಬರಲಿ, ಕರಟದ ಹತ್ತಿರದ ಕಂದು ಸಿಪ್ಪೆ ಬಿದ್ದರೆ ಬಣ್ಣ ಮಾಸುತ್ತದೆ. ಒಂದು ಕಪ್ ಉಗುರುಬೆಚ್ಚಗಿನ ನೀರು ಹಾಕಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಕಟ್ಟಿ ಬಲವಾಗಿ ಹಿಂಡಿ. ಬಿಸಿಗೆ ಕೊಬ್ಬು ಸಡಿಲ ಆಗಿ ಹಾಲಿನ ಜೊತೆ ಇಳಿಯುತ್ತದೆ, ತಣ್ಣೀರಿನಲ್ಲಿ ಅರ್ಧ ಚರಟದಲ್ಲೇ ಉಳಿಯುತ್ತದೆ. ಸುಮಾರು ಒಂದೂವರೆ ಕಪ್ ಮೊದಲ ಹಾಲು ಸಿಗುತ್ತದೆ. ಅದನ್ನು ಫ್ರಿಜ್‌ನಲ್ಲಿಡಿ. ಚರಟಕ್ಕೆ ಇನ್ನೊಂದು ಕಪ್ ನೀರು ಹಾಕಿ ಮತ್ತೆ ರುಬ್ಬಿ ಹಿಂಡಿದರೆ ಎರಡನೇ ಹಾಲು.

ತೆಂಗಿನಕಾಯಿಯ ಅಲರ್ಜಿ ಅಪರೂಪ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಮಗು ಈವರೆಗೆ ತೆಂಗಿನ ಹಾಲು ತಿಂದಿಲ್ಲ ಅಂದರೆ ಮೊದಲು ಡಾಕ್ಟರ್ ಹತ್ತಿರ ಕೇಳಿ. ಗೋಡಂಬಿ, ಬಾದಾಮಿ, ಸೋಯಾ ಹಾಲಿನಿಂದಲೂ ಐಸ್‌ಕ್ರೀಮ್ ಆಗುತ್ತದೆ. ಅವಕ್ಕೂ ಅಲರ್ಜಿ ಇರುವ ಮಕ್ಕಳು ಇದ್ದಾರೆ, ಹಾಗಾಗಿ ಕೇಳದೆ ಬಳಸಬೇಡಿ.

ಮಣ್ಣಿಯಿಂದ ಐಸ್‌ಕ್ರೀಮ್‌ಗೆ

ಬೇಕಾದದ್ದು ಇಷ್ಟು: ರಾಗಿ ಮೂರು ದೊಡ್ಡ ಚಮಚ, ಪುಡಿ ಮಾಡಿದ ಬೆಲ್ಲ ಮುಕ್ಕಾಲು ಕಪ್, ಮೇಲಿನ ಎರಡೂ ಹಾಲು, ನಾಲ್ಕು ಏಲಕ್ಕಿ, ಚಿಟಿಕೆ ಉಪ್ಪು.

ರಾಗಿಯನ್ನು ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ಒಂದು ಕಪ್ ನೀರಿನಲ್ಲಿ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಆ ಹಾಲನ್ನು ಎರಡು ಮೂರು ಗಂಟೆ ಫ್ರಿಜ್‌ನಲ್ಲಿ ಅಲುಗಾಡಿಸದೆ ಇಡಿ. ಅಡಿಯಲ್ಲಿ ಬೂದುಬಿಳಿ ಗಸಿ ಕೂರುತ್ತದೆ. ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿ ಚೆಲ್ಲಿ. ಮಣ್ಣಿಗೆ ಮಾಡುವ ಹಾಗೆಯೇ. ಈ ಗಸಿಯಲ್ಲಿರುವ ಪಿಷ್ಟ ಬೆಂದಾಗ ಉಬ್ಬಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂಗಡಿ ಐಸ್‌ಕ್ರೀಮ್‌ನಲ್ಲಿ ಸ್ಟೆಬಿಲೈಸರ್ ಮಾಡುವ ಕೆಲಸ ಇದೇ. ಹಿಡಿದಿಡುವವರು ಇಲ್ಲದಿದ್ದರೆ ನೀರು ಒಂದಕ್ಕೊಂದು ಸೇರಿ ದೊಡ್ಡ ಹರಳಾಗುತ್ತದೆ, ನಾಲಿಗೆಗೆ ಮರಳು ಸಿಕ್ಕ ಹಾಗೆ.

ಬೆಲ್ಲವನ್ನು ಕಾಲು ಕಪ್ ನೀರಿನಲ್ಲಿ ಕರಗಿಸಿ ಸೋಸಿ. ದಪ್ಪ ತಳದ ಪಾತ್ರೆಗೆ ರಾಗಿಯ ಗಸಿ, ತೆಂಗಿನ ಎರಡನೇ ಹಾಲು ಹಾಕಿ ಸಣ್ಣ ಉರಿಯಲ್ಲಿ ಮಗುಚುತ್ತಾ ಇರಿ. ಐದಾರು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ತಳದಲ್ಲಿ ಗಟ್ಟಿಯಾಗಲು ಶುರುವಾಗುತ್ತದೆ. ಅಲ್ಲಿ ಸೌಟು ಬಿಟ್ಟರೆ ಗಂಟು ಖಂಡಿತ. ಬೆಲ್ಲದ ನೀರು, ಉಪ್ಪು ಹಾಕಿ. ಬಣ್ಣ ಗಾಢವಾಗಿ ಹೊಳಪು ಬರುವವರೆಗೆ ಬೇಯಲಿ. ಸೌಟಿನ ಬೆನ್ನಿಗೆ ಅಂಟಿದ್ದರ ಮೇಲೆ ಬೆರಳಲ್ಲಿ ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಹದ ಬಂತು. ಈಗ ಮೊದಲ ಹಾಲು ಸುರಿದು, ಅಂಚಿನಲ್ಲಿ ಹಬೆ ಏಳುತ್ತಿದ್ದಂತೆ ಒಲೆ ಆರಿಸಿ. ಕುದಿಸಿದರೆ ತೆಂಗಿನ ಹಾಲು ಒಡೆದು ಎಣ್ಣೆ ಬಿಡುತ್ತದೆ. ಏಲಕ್ಕಿ ಪುಡಿ ಸೇರಿಸಿ.

ಬಿಸಿ ಇರುವಾಗ ರುಚಿ ನೋಡಿದರೆ ಸಿಹಿ ಜಾಸ್ತಿ ಆಯಿತು ಅನ್ನಿಸಬೇಕು. ತಣ್ಣಗಾದಾಗ ನಾಲಿಗೆಗೆ ಸಿಹಿ ಅಷ್ಟು ಗೊತ್ತಾಗುವುದಿಲ್ಲ. ಮಗುವಿಗೆ ಅಲ್ವಾ, ಬೆಲ್ಲ ಕಮ್ಮಿ ಮಾಡೋಣ ಅಂತ ನಾನೂ ಒಮ್ಮೆ ಅರ್ಧಕ್ಕೆ ಇಳಿಸಿದೆ. ಚಾಕು ಇಳಿಯದ ಬಂಡೆ ಆಯಿತು. ನೀರು ಪೂರ್ತಿ ಹೆಪ್ಪುಗಟ್ಟದ ಹಾಗೆ ತಡೆಯುವುದೇ ಬೆಲ್ಲ. ಕಮ್ಮಿ ಮಾಡಬೇಕು ಅಂದರೆ ತಟ್ಟೆಗೆ ಹಾಕುವ ಪ್ರಮಾಣ ಕಮ್ಮಿ ಮಾಡಿ.

ತಣಿಸಿ, ಕಡೆಯಿರಿ

ಆರಿದ ಮೇಲೆ ಕನಿಷ್ಠ ನಾಲ್ಕು ಗಂಟೆ ಫ್ರಿಜ್‌ನಲ್ಲಿಡಿ. ಅವಸರ ಮಾಡಿ ಬಿಸಿಯಾಗಿರುವುದನ್ನೇ ಫ್ರೀಜರ್‌ಗೆ ಇಟ್ಟರೆ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ನಿಧಾನ ಆದಷ್ಟೂ ಹರಳು ದೊಡ್ಡದು. ಆಮೇಲೆ ಅಗಲವಾದ ಸ್ಟೀಲ್ ಡಬ್ಬಿಗೆ ಎರಡು ಬೆರಳು ಎತ್ತರಕ್ಕೆ ಹುಯ್ದು ಫ್ರೀಜರ್‌ನಲ್ಲಿಡಿ. ಮುಕ್ಕಾಲು ಗಂಟೆಗೆ ಅಂಚು ಗಟ್ಟಿಯಾಗಿ ನಡು ಇನ್ನೂ ತೆಳ್ಳಗಿರುತ್ತದೆ. ಅಂಚನ್ನು ಕೆರೆದು ನಡುವಿಗೆ ತಂದು ವಿಸ್ಕ್‌ನಿಂದ ರಭಸವಾಗಿ ಕಡೆಯಿರಿ. ಅರ್ಧ ಗಂಟೆಗೊಮ್ಮೆ ಹೀಗೆ ನಾಲ್ಕು ಸಲ. ಪ್ರತಿ ಸಲವೂ ಹರಳು ಒಡೆಯುತ್ತದೆ, ಗಾಳಿ ಸೇರುತ್ತದೆ. ಕೊನೆಯ ಸಲ ಕೈಗೆ ನೋವಾಗುವಷ್ಟು ಗಟ್ಟಿಯಾಗಿರುತ್ತದೆ, ಆದರೂ ಬಿಡಬೇಡಿ.

ಮಕ್ಕಳು ಮನೆಯಲ್ಲಿದ್ದರೆ ಇನ್ನೊಂದು ದಾರಿ ಇದೆ, ನನಗೆ ಅದೇ ಇಷ್ಟ. ಬಿಗಿ ಮುಚ್ಚಳದ ಸಣ್ಣ ಡಬ್ಬಿಗೆ ಅರ್ಧದಷ್ಟು ಮಿಶ್ರಣ ಹಾಕಿ, ಮುಚ್ಚಳದ ಸುತ್ತ ಟೇಪ್ ಸುತ್ತಿ. ದೊಡ್ಡ ಡಬ್ಬಿಯ ನಡುವೆ ಅದನ್ನಿಟ್ಟು ಸುತ್ತಲೂ ಒಂದು ಕೆಜಿ ಪುಡಿ ಐಸ್, ಕಾಲು ಕೆಜಿ ಕಲ್ಲುಪ್ಪು ತುಂಬಿ. ಉಪ್ಪು ಬೆರೆತ ಐಸ್ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ ಹೋಗುತ್ತದೆ. ಹೊರಗೆ ಟವೆಲ್ ಸುತ್ತಿ ಜಗಲಿಯಲ್ಲಿ ಆ ಕಡೆ ಈ ಕಡೆ ಉರುಳಿಸಲು ಕೊಡಿ. ಬರಿಗೈಯಲ್ಲಿ ಮುಟ್ಟಲು ಬಿಡಬೇಡಿ, ಚರ್ಮ ಸುಟ್ಟ ಹಾಗಾಗುತ್ತದೆ. ಇಪ್ಪತ್ತೈದು ನಿಮಿಷಕ್ಕೆ ಮೆತ್ತಗಿನ ಐಸ್‌ಕ್ರೀಮ್ ತಯಾರು. ತೆರೆಯುವ ಮೊದಲು ಒಳಗಿನ ಡಬ್ಬಿಯನ್ನು ತೊಳೆದು ಒರೆಸಿ, ಇಲ್ಲದಿದ್ದರೆ ಉಪ್ಪುನೀರು ಒಳಗೆ ಇಳಿಯುತ್ತದೆ.

ಎತ್ತಿಡುವಾಗ ಬೆಂಕಿಗೆ ಬಾಡಿಸಿದ ಬಾಳೆಎಲೆಯನ್ನು ಐಸ್‌ಕ್ರೀಮ್‌ಗೆ ತಾಗುವ ಹಾಗೆ ಮೇಲೆ ಒತ್ತಿ ಮುಚ್ಚಿ. ಗಾಳಿಯ ಪಸೆ ಕೂತು ಮೇಲೆ ಐಸ್ ಕಟ್ಟುವುದಿಲ್ಲ. ಹತ್ತು ದಿನದೊಳಗೆ ಮುಗಿಸಿ. ಬಡಿಸುವ ಹತ್ತು ನಿಮಿಷ ಮೊದಲು ಹೊರಗೆ ತೆಗೆಯಿರಿ. ಇದರಲ್ಲಿ ಅಂಗಡಿಯದರಷ್ಟು ಗಾಳಿ ಇರುವುದಿಲ್ಲ, ಕೂಡಲೇ ತೆಗೆದರೆ ಗಟ್ಟಿ.

ಮಾವಿನ ಕಾಲದಲ್ಲಿ ಒಲೆಯೇ ಬೇಡ. ರಸಪುರಿ ಮಾವೋ ಬಾದಾಮಿ ಮಾವೋ, ಎರಡು ಕಪ್ ತಿರುಳಿಗೆ ಒಂದು ಕಪ್ ಮೊದಲ ಹಾಲು, ಕಾಲು ಕಪ್ ಸಕ್ಕರೆ. ರುಬ್ಬಿ ಹಾಗೇ ಹೆಪ್ಪುಗಟ್ಟಿಸಿ. ಬೊಂಡದ, ಅಂದರೆ ಎಳನೀರು ಕಾಯಿಯ, ಎಳೆ ಗಂಜಿಯಿಂದಲೂ ಇದೇ ಲೆಕ್ಕದಲ್ಲಿ ಆಗುತ್ತದೆ. ಚಾಕೊಲೇಟ್ ಬೇಕೆಂದರೆ ಏನೂ ಬೆರೆಸದ ಕೋಕೋ ಪುಡಿ ಮೂರು ಚಮಚ ಸಾಕು. ಡ್ರಿಂಕಿಂಗ್ ಚಾಕೊಲೇಟ್ ಪುಡಿ ಬೇಡ, ಎಷ್ಟೋ ಸಲ ಅದರಲ್ಲಿ ಹಾಲಿರುತ್ತದೆ. ಡಾರ್ಕ್ ಚಾಕೊಲೇಟ್‌ನಲ್ಲೂ ಇರಬಹುದು, ಲೇಬಲ್ ನೋಡಿ.

ಒಂದು ವಿಷಯ ಮರೆಯಬೇಡಿ. ಇದು ಹಾಲಿನ ಬದಲಿ ಅಲ್ಲ. ತೆಂಗಿನ ಹಾಲಿನಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಇದೆ ನಿಜ, ಆದರೆ ಇಡೀ ಡಬ್ಬಿಗೆ ನಾವು ಹಾಕಿದ್ದು ಮೂರೇ ಚಮಚ. ಮಗುವಿನ ದಿನದ ಊಟ ಏನಿರಬೇಕು ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ತಪ್ಪಿ ಹಾಲು ಹೊಟ್ಟೆಗೆ ಹೋದರೆ ಏನು ಮಾಡಬೇಕು ಅನ್ನುವುದನ್ನೂ ಬರೆಸಿಕೊಂಡು ಫ್ರಿಜ್ ಬಾಗಿಲಿಗೆ ಅಂಟಿಸಿ. ಉಸಿರಾಟಕ್ಕೆ ಕಷ್ಟ ಆದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಕೊನೆಗೆ ಗಡ್‌ಬಡ್

ಮಂಗಳೂರು, ಉಡುಪಿ ಕಡೆ ಮಕ್ಕಳ ಐಸ್‌ಕ್ರೀಮ್ ಆಸೆ ಗಡ್‌ಬಡ್‌ಗೇ ಬಂದು ನಿಲ್ಲುತ್ತದೆ. ಉದ್ದ ಗ್ಲಾಸು, ಅದರಲ್ಲಿ ಎರಡು ಮೂರು ಬಗೆಯ ಐಸ್‌ಕ್ರೀಮ್, ಜೆಲ್ಲಿ, ಹಣ್ಣು. ಅದನ್ನೂ ಹಾಲಿಲ್ಲದೆ ಕಟ್ಟಬಹುದು. ಜೆಲ್ಲಿಗೆ 5 ಗ್ರಾಂ ಚೈನಾ ಗ್ರಾಸ್ ಅನ್ನು ಒಂದೂವರೆ ಕಪ್ ನೀರಿನಲ್ಲಿ ಪೂರ್ತಿ ಕರಗುವವರೆಗೆ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಅರ್ಧ ಕಪ್ ಪುನರ್ಪುಳಿ (ಕೋಕಂ) ಶರಬತ್ತಿನ ಪಾಕ ಬೆರೆಸಿ. ಹುಳಿ ಹಾಕಿ ಕುದಿಸಿದರೆ ಜೆಲ್ಲಿ ಸರಿಯಾಗಿ ಕಟ್ಟುವುದಿಲ್ಲ. ತಟ್ಟೆಗೆ ಹುಯ್ದರೆ ಸ್ವಲ್ಪ ಹೊತ್ತಿನಲ್ಲಿ ಕೆಂಪಗೆ, ಹುಳಿಸಿಹಿಯಾಗಿ ಗಟ್ಟಿಯಾಗುತ್ತದೆ. ಗ್ಲಾಸಿನ ತಳಕ್ಕೆ ಜೆಲ್ಲಿ, ಅದರ ಮೇಲೆ ಮಾವು, ಬಾಳೆಹಣ್ಣಿನ ಬಿಲ್ಲೆ, ದಾಳಿಂಬೆ, ಮೇಲೆ ರಾಗಿ ಐಸ್‌ಕ್ರೀಮ್, ತುದಿಯಲ್ಲಿ ಒಂದು ಚೆರ್ರಿ.

ಮಗಳ ಆರನೇ ಹುಟ್ಟುಹಬ್ಬಕ್ಕೆ ಹನ್ನೆರಡು ಮಕ್ಕಳು ಬಂದಿದ್ದರು. ಎಲ್ಲರಿಗೂ ಒಂದೇ ಡಬ್ಬಿಯಿಂದ, ಒಂದೇ ಚಮಚದಲ್ಲಿ ಹಾಕಿದ್ದು. ಚಮಚ ಹಿಡಿದು ಬಡಿಸಿದ್ದು ಅವಳೇ.