ಎರಡು ದಿನದ ಬೆಟ್ಟಕ್ಕೆ ಎಂಟು ಕೆ.ಜಿ. ಚೀಲ

ಶನಿವಾರ ಬೆಳಿಗ್ಗೆ ಆರು ಗಂಟೆಗೆ ತುಮಕೂರು ಬಸ್ ನಿಲ್ದಾಣದಲ್ಲಿ ನಿಂತರೆ, ಬೆಟ್ಟಕ್ಕೆ ಹೊರಟ ಕಚೇರಿ ಗುಂಪಿನಲ್ಲಿ ಮಧ್ಯಾಹ್ನದೊಳಗೆ ಕುಂಟುವವರು ಯಾರು ಎಂಬುದನ್ನು ಚೀಲ ನೋಡಿಯೇ ಹೇಳಬಲ್ಲೆ. ನಮ್ಮ ಲೆಕ್ಕಪತ್ರ ವಿಭಾಗದ ಗೆಳೆಯನೊಬ್ಬ ಮೊದಲ ಸಲ ಬಂದಾಗ ಅವನ ಬೆನ್ನ ಮೇಲೆ ಒಂದು ಗುಡ್ಡವೇ ಇತ್ತು. ಕೊರಟಗೆರೆಯಲ್ಲಿ ಇಳಿದು ಅಡಿಕೆ ವ್ಯಾಪಾರಿಯ ತಕ್ಕಡಿಗೆ ಹಾಕಿಸಿದರೆ 14 ಕೆ.ಜಿ. 600 ಗ್ರಾಂ. ಒಳಗೆ ಎರಡು ಜೀನ್ಸ್ ಪ್ಯಾಂಟ್, ಒಂದು ಜಮಖಾನ, ಎರಡು ಲೀಟರ್ ತಂಪು ಪಾನೀಯ, ಲ್ಯಾಪ್‌ಟಾಪಿನ ಚಾರ್ಜರ್. ಲ್ಯಾಪ್‌ಟಾಪ್ ಮನೆಯಲ್ಲೇ ಇತ್ತು. ನೀರು ಮಾತ್ರ ಅರ್ಧ ಲೀಟರ್.

ಅಂಥವರಿಗಾಗಿ ಈ ಬರಹ. ಎರಡು ದಿನ, ಎರಡು ಬೆಟ್ಟ: ಶನಿವಾರ ಕೊರಟಗೆರೆ ಬಳಿಯ ಸಿದ್ಧರ ಬೆಟ್ಟ, ಭಾನುವಾರ ಮಧುಗಿರಿ.

1. ದಿನ ಗೊತ್ತುಮಾಡಿ

ನವೆಂಬರಿನಿಂದ ಫೆಬ್ರುವರಿವರೆಗೆ. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಮಾರ್ಚ್ ನಂತರ ಅದೇ ಬಂಡೆ ಕಾವಲಿಯಾಗುತ್ತದೆ. ತಿಂಗಳ ಕೊನೆಯ ವಾರ ಬೇಡ, ಲೆಕ್ಕಪತ್ರದವರು ಬರುವುದಿಲ್ಲ.

2. ಜನ ಸೇರಿಸಿ

ಎಂಟು ಮಂದಿ ಸಾಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ಇಪ್ಪತ್ತು ಜನ ಹೆಬ್ಬೆರಳು ಎತ್ತುತ್ತಾರೆ. ಶುಕ್ರವಾರ ಸಂಜೆಗೆ ಒಂಬತ್ತು ಉಳಿಯುತ್ತದೆ, ಶನಿವಾರ ಬೆಳಿಗ್ಗೆ ಏಳು. ಯಾರ ಮಂಡಿ ನೋಯುತ್ತದೆ, ಯಾರಿಗೆ ಉಬ್ಬಸವಿದೆ, ಯಾರು ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಾರೆ ಎಂದು ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಿ. ಗುಂಪಿನಲ್ಲಿ ಕೇಳಿದರೆ ಎಲ್ಲರೂ ಪೈಲ್ವಾನರೇ.

ಮಿನಿಬಸ್ ಬಾಡಿಗೆಗೆ ಬೇಡವೇ ಬೇಡ. ಮಿನಿಬಸ್ ಬಂದರೆ ಸ್ಪೀಕರ್ ಬರುತ್ತದೆ, ಸ್ಪೀಕರ್ ಬಂದರೆ ಹತ್ತು ಗಂಟೆಯ ಮೊದಲು ಯಾರೂ ಬೆಟ್ಟದ ಬುಡ ಮುಟ್ಟುವುದಿಲ್ಲ. ತುಮಕೂರಿನಿಂದ ಪಾವಗಡದ ಕಡೆ ಹೋಗುವ ಸರ್ಕಾರಿ ಬಸ್ಸುಗಳು ಕೊರಟಗೆರೆ, ಮಧುಗಿರಿ ಎರಡನ್ನೂ ಮುಟ್ಟುತ್ತವೆ. ಬಸ್ಸಿನಲ್ಲಿ ಚೀಲ ತೊಡೆಯ ಮೇಲೇ ಕೂರುವುದರಿಂದ ಅದರ ತೂಕ ಎಷ್ಟೆಂದು ಮೊದಲೇ ಗೊತ್ತಾಗುತ್ತದೆ.

3. ರಾತ್ರಿಯ ಜಾಗ

ಪ್ರತಿ ಕಚೇರಿಯಲ್ಲೂ ಕೊರಟಗೆರೆ ಅಥವಾ ಮಧುಗಿರಿ ತಾಲ್ಲೂಕಿನವರು ಒಬ್ಬರಾದರೂ ಇರುತ್ತಾರೆ. ಅವರ ತೋಟದ ಮನೆಯ ತಾರಸಿಯೇ ನಿಮ್ಮ ಬಿಡಾರ. ಅದು ಸಿಗದಿದ್ದರೆ ಮಧುಗಿರಿಯಲ್ಲಿ ಲಾಡ್ಜ್ ನೋಡಿ. ಬೆಟ್ಟದ ಮೇಲೆ ಡೇರೆ ಹಾಕುವ ಆಸೆ ಬಿಡಿ. ಈ ಗುಡ್ಡಗಳಲ್ಲಿ ಚಿರತೆ ಇದೆ, ಕರಡಿ ಇದೆ. ಅನುಮತಿಯಿಲ್ಲದೆ ಅರಣ್ಯದಲ್ಲಿ ರಾತ್ರಿ ಉಳಿದರೆ ಕೇಸೂ ಇದೆ. ಮಾರ್ಗ ಬದಲಿಸಿ ಚಿಕ್ಕಬಳ್ಳಾಪುರದ ಸ್ಕಂದಗಿರಿಗೆ ಹೋಗುವವರು ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ಕಾದಿರಿಸಬೇಕು. ರಾತ್ರಿ ಮೂರಕ್ಕೆ ಎದ್ದು ಹೋಗಿ ಗೇಟಿನಲ್ಲಿ ಕಾವಲುಗಾರನೊಡನೆ ವಾದಿಸುವ ಗುಂಪುಗಳನ್ನು ಕಂಡು ಸಾಕಾಗಿದೆ.

4. ಚೀಲ

ಎಲ್ಲರೂ ಎಡವುವುದು ಇಲ್ಲಿಯೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲು ಚೀಲದ ಆಯ್ಕೆ. 35ರಿಂದ 40 ಲೀಟರ್ ಹಿಡಿಯುವ, ಸೊಂಟಪಟ್ಟಿ ಇರುವ ಚೀಲ ಬೇಕು. ಕಚೇರಿಗೆ ಒಯ್ಯುವ ಲ್ಯಾಪ್‌ಟಾಪ್ ಚೀಲಕ್ಕೆ ಸೊಂಟಪಟ್ಟಿ ಇರುವುದಿಲ್ಲ. ಅಷ್ಟೂ ಭಾರ ಹೆಗಲಿನಿಂದ ಜೋತಾಡುತ್ತದೆ, ಎರಡು ಗಂಟೆಯಲ್ಲಿ ಕುತ್ತಿಗೆ ಹಿಡಿಯುತ್ತದೆ. ರಸ್ತೆ ಬದಿಯಲ್ಲಿ ಅಗ್ಗಕ್ಕೆ ಸಿಗುವ ‘70 ಲೀಟರ್’ ಚೀಲಗಳಿಗೂ ಮರುಳಾಗಬೇಡಿ. ಅವುಗಳ ಸೊಂಟಪಟ್ಟಿ ಎಂದರೆ ಬರೀ ರಿಬ್ಬನ್ನು. ಅಂಗಡಿಯಲ್ಲಿ ಪಟ್ಟಿಯನ್ನು ಬೆರಳುಗಳ ನಡುವೆ ಹಿಡಿದು ಒತ್ತಿ ನೋಡಿ, ಮೆತ್ತೆ ಇಲ್ಲದಿದ್ದರೆ ವಾಪಸ್ ಇಡಿ. ಇನ್ನು ಚೀಲ ದೊಡ್ಡದಾದಷ್ಟೂ ತುಂಬುವ ಆಸೆ ದೊಡ್ಡದು. ಖಾಲಿ ಜಾಗ ಕಂಡರೆ ನಮ್ಮವರಿಗೆ ಜಮಖಾನ ನೆನಪಾಗುತ್ತದೆ. ವರ್ಷಕ್ಕೆ ಒಮ್ಮೆ ಹೋಗುವವರು ಕೊಳ್ಳಲೇಬೇಡಿ, ಬಾಡಿಗೆಗೆ ತನ್ನಿ ಅಥವಾ ಸಾಲ ಕೇಳಿ.

ಈಗ ತೂಕ. ಎಂಟು ಕೆ.ಜಿ. ದಾಟಬಾರದು, ನೀರೂ ಸೇರಿ. ಲೆಕ್ಕ ಹೀಗೆ: ನೀರು ಮೂರು ಲೀಟರ್ ಎಂದರೆ ಮೂರು ಕೆ.ಜಿ., ಖಾಲಿ ಚೀಲ ಒಂದೂಕಾಲು, ತಿನಿಸು ಒಂದೂಕಾಲು, ಬಟ್ಟೆ ಮತ್ತು ಹೊದಿಕೆ ಒಂದೂವರೆ, ಉಳಿದ ಚಿಲ್ಲರೆ ಅರ್ಧ. ಏಳೂವರೆ ಆಯಿತು. ಉಳಿದ ಅರ್ಧ ಕೆ.ಜಿ. ನಿಮ್ಮ ಚಪಲಕ್ಕೆ. ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಚೀಲ ಹೊತ್ತು ಒಮ್ಮೆ, ಇಳಿಸಿ ಒಮ್ಮೆ ನಿಂತು ಕಳೆಯಿರಿ. ಕೈಯಲ್ಲಿ ಎತ್ತಿ ‘ಹಗುರ ಇದೆ’ ಎನ್ನುವವರನ್ನು ನಂಬಬೇಡಿ. ಕೈ ಹೊರುವುದು ಐದು ಸೆಕೆಂಡು, ಬೆನ್ನು ಹೊರುವುದು ಐದು ಗಂಟೆ.

ತುಂಬುವ ಮೊದಲು ಚೀಲದೊಳಗೆ ಒಂದು ದಪ್ಪನೆಯ ದೊಡ್ಡ ಪ್ಲಾಸ್ಟಿಕ್ ಚೀಲ ಇಳಿಬಿಡಿ. ಸಾಮಾನೆಲ್ಲ ಅದರೊಳಗೆ ಹೋಗಿ ಕೊನೆಯಲ್ಲಿ ಅದರ ಬಾಯಿ ತಿರುಚಿ ಮಡಚಿದರೆ ಎಂಥ ಮಳೆಗೂ ಬಟ್ಟೆ ನೆನೆಯುವುದಿಲ್ಲ. ಅಂಗಡಿಯವರು ಜೊತೆಗೆ ಮಾರುವ ‘ರೈನ್ ಕವರ್’ ದಂಡ. ಅದು ಚೀಲದ ಮುಖ ಮುಚ್ಚುತ್ತದೆ, ನೀರು ನಿಮ್ಮ ಬೆನ್ನಿನ ಕಡೆಯಿಂದ ಇಳಿಯುತ್ತದೆ, ಜೋರು ಗಾಳಿಗೆ ಅದು ಬೇಲಿ ಸೇರುತ್ತದೆ.

ತುಂಬುವ ಕ್ರಮಕ್ಕೂ ಕಾರಣವಿದೆ. ತಳದಲ್ಲಿ ಹಗುರವಾದದ್ದು, ರಾತ್ರಿಯವರೆಗೆ ಬೇಡವಾದದ್ದು: ಹೊದಿಕೆ, ಒಂದು ಜೊತೆ ಬಟ್ಟೆ. ಅದರ ಮೇಲೆ, ಬೆನ್ನಿಗೆ ಒತ್ತಿಕೊಂಡು, ಭಾರವಾದದ್ದು. ಒಂದೇ ದೊಡ್ಡ ಕ್ಯಾನಿನ ಬದಲು ಒಂದೊಂದು ಲೀಟರಿನ ಮೂರು ಬಾಟಲಿ ಇರಲಿ. ಎರಡನ್ನು ಬೆನ್ನಿಗೆ ತಾಗಿಸಿ ನೆಟ್ಟಗೆ ನಿಲ್ಲಿಸಿ, ಮೂರನೆಯದು ಪಕ್ಕದ ಜೇಬಿಗೆ. ಬಾಟಲಿ ಅಲುಗದಂತೆ ಸುತ್ತ ಟವೆಲ್ ತುರುಕಿ. ಭಾರ ಬೆನ್ನಿನಿಂದ ದೂರ ಹೋದಷ್ಟೂ ಚೀಲ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಸಮತಟ್ಟಾದ ದಾರಿಯಲ್ಲಿ ಭಾರ ಹೆಗಲಿನ ಸಮಕ್ಕೆ ಇದ್ದರೂ ನಡೆಯುತ್ತದೆ, ಆದರೆ ಸಿದ್ಧರ ಬೆಟ್ಟದ ಬಂಡೆಗಳ ಸಂದಿನಲ್ಲಿ ನುಸುಳುವಾಗ ಅದು ಬೆನ್ನಿನ ನಡುವಿಗೆ ಇಳಿದಿರಲಿ. ಇಲ್ಲದಿದ್ದರೆ ಬಗ್ಗಿದ ಕೂಡಲೇ ಚೀಲ ತಲೆಯ ಮೇಲೆ ಬಂದು ಮುಂದಕ್ಕೆ ಮುಗ್ಗರಿಸುತ್ತೀರಿ. ಮೇಲ್ಭಾಗದಲ್ಲಿ ಟಾರ್ಚು, ಮುಲಾಮು, ಬ್ಯಾಂಡೇಜು, ಸೀಟಿ, ತಿನಿಸು. ಚೀಲದ ಹೊರಗೆ ಏನನ್ನೂ ನೇತುಹಾಕಬೇಡಿ. ಸ್ಟೀಲಿನ ಲೋಟ ನೇತುಹಾಕಿಕೊಂಡು ಬಂದವನೊಬ್ಬನ ಟಣ್ ಟಣ್ ಶಬ್ದವನ್ನು ಬೆಟ್ಟದ ತುದಿಯವರೆಗೆ ಸಹಿಸಿದ್ದೇನೆ.

ಕೊನೆಗೆ ಹೊರುವುದು. ಹತ್ತರಲ್ಲಿ ಒಂಬತ್ತು ಮಂದಿ ಹೆಗಲ ಪಟ್ಟಿಯನ್ನು ಮೊದಲು ಎಳೆಯುತ್ತಾರೆ. ತಪ್ಪು. ಎಲ್ಲ ಪಟ್ಟಿಗಳನ್ನೂ ಸಡಿಲ ಮಾಡಿ ಚೀಲ ಏರಿಸಿ. ಎರಡೂ ಕೈಗಳ ಹೆಬ್ಬೆರಳಿನಿಂದ ಸೊಂಟದ ಮೂಳೆಯ ಏಣು ಹುಡುಕಿ, ಸೊಂಟಪಟ್ಟಿಯ ಮೆತ್ತೆ ಸರಿಯಾಗಿ ಆ ಏಣಿನ ಮೇಲೆ ಕೂರಲಿ; ಹೊಟ್ಟೆಯ ಮೇಲಲ್ಲ, ಪ್ಯಾಂಟಿನ ಬೆಲ್ಟಿನ ಕೆಳಗೂ ಅಲ್ಲ. ಹೊಟ್ಟೆ ಮುಂದಿರುವವರು ಉಸಿರು ಬಿಟ್ಟು ಬಿಗಿಯಿರಿ. ಆಮೇಲೆ ಹೆಗಲ ಪಟ್ಟಿ ಎಳೆಯಿರಿ, ಹೆಗಲಿಗೆ ತಾಗಿದರೆ ಸಾಕು, ಒತ್ತಬಾರದು. ಹೆಗಲ ಮೇಲಿನಿಂದ ಚೀಲದ ತುದಿಗೆ ಹೋಗುವ ಗಿಡ್ಡ ಪಟ್ಟಿ ಇದ್ದರೆ ಅದನ್ನು ಚೂರು ಎಳೆದರೆ ಚೀಲ ಬೆನ್ನಿಗೆ ಅಂಟುತ್ತದೆ. ಎದೆಯ ಪಟ್ಟಿ ಕೊನೆಗೆ. ಸರಿಯಾಯಿತೇ ಎಂದು ತಿಳಿಯಲು ಹೆಗಲ ಪಟ್ಟಿಯ ಕೆಳಗೆ ಬೆರಳು ತೂರಿಸಿ: ಸಲೀಸಾಗಿ ಹೋದರೆ ಭಾರ ಸೊಂಟಕ್ಕೆ ಇಳಿದಿದೆ. ಈ ಹೊತ್ತಿಗೆ ಎಲ್ಲರ ಮುಖದಲ್ಲೂ ಒಂದು ಬೆರಗು ಮೂಡುತ್ತದೆ. ಅದನ್ನು ನೋಡುವುದೇ ನನಗೆ ಈ ಪ್ರವಾಸದ ಸಂಬಳ.

5. ತಿನಿಸು

ಚಪಾತಿ, ಶೇಂಗಾ ಚಟ್ನಿಪುಡಿ, ಬೆಲ್ಲ, ಹುರಿಗಡಲೆ, ಸೌತೆಕಾಯಿ, ಕಿತ್ತಳೆ. ಒಲೆ ಬೇಡ, ಒಣಹುಲ್ಲಿಗೆ ಒಂದು ಕಿಡಿ ಸಾಕು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನುವುದಾದರೆ ಹಿಂದಿನ ದಿನವೇ ತಿನ್ನಿ. ಬೆಳಿಗ್ಗೆ ನಾಲ್ಕು ತಟ್ಟೆ ಇಳಿಸಿ ಬೆಟ್ಟ ಹತ್ತುವವರನ್ನು ಅರ್ಧ ದಾರಿಯಲ್ಲಿ ಕಾಯುವುದು ನಾವು. ಪ್ಲಾಸ್ಟಿಕ್ ಕವರಿನ ಸರಬರ ಕೇಳಿದರೆ ಕೋತಿಗಳು ಬರುತ್ತವೆ, ಡಬ್ಬಿಯಲ್ಲಿ ತನ್ನಿ.

ಓಆರ್‌ಎಸ್ ಪುಡಿ ತಪ್ಪದೆ ಇರಲಿ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ.ಗೆ, ಯಾವುದೆಂದು ಪೊಟ್ಟಣದ ಮೇಲೆ ಓದಿ ಕರಗಿಸಿ. ದೊಡ್ಡ ಪೊಟ್ಟಣವನ್ನು ಲೋಟಕ್ಕೆ ಸುರಿದು ಕುಡಿದರೆ ಬಾಯಾರಿಕೆ ಹೆಚ್ಚುತ್ತದೆ. ಅಂಗಡಿಗಳಲ್ಲಿ ಅದೇ ಹೆಸರಿಟ್ಟುಕೊಂಡು ಡಬ್ಬಿಯಲ್ಲಿ ಬರುತ್ತಿದ್ದ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಅಂಥವು ಆ ಹೆಸರು ಬಳಸಬಾರದೆಂದು 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶಿಸಿತು.

6. ಶೂ

ಹಳೆಯದು, ರಬ್ಬರ್ ಅಟ್ಟೆಯದು. ಶುಕ್ರವಾರ ಕೊಂಡ ಹೊಸ ಶೂ ಶನಿವಾರದ ಬೊಬ್ಬೆ.

7. ನಡಿಗೆ

ಸಿದ್ಧರ ಬೆಟ್ಟದಲ್ಲಿ ಗುಹೆಯವರೆಗೆ ಮೆಟ್ಟಿಲಿವೆ. ಗುಹೆಯ ಒಳಗೆ ಸಿದ್ಧೇಶ್ವರನ ಸನ್ನಿಧಿ, ತಣ್ಣನೆಯ ಒರತೆ ನೀರು. ಅಲ್ಲಿ ಅರ್ಧ ಗಂಟೆ ಕೂತರೆ ಬೆವರು ಆರುತ್ತದೆ. ಈ ಬೆಟ್ಟ ಔಷಧ ಸಸ್ಯಗಳಿಗೆ ಹೆಸರಾದದ್ದು, ಗೊತ್ತಿಲ್ಲದ ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳುವ ಪಂಡಿತರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರ ಮೇಲೆ ಕಣ್ಣಿಡಿ.

ಎಲ್ಲಕ್ಕಿಂತ ನಿಧಾನವಾಗಿ ನಡೆಯುವವರು ಮುಂದಿರಲಿ, ದಾರಿ ಬಲ್ಲವರು ಕೊನೆಗೆ. ಮ್ಯಾನೇಜರ್ ಮುಂದೆ ನಡೆದರೆ ಯಾರೂ ‘ಸ್ವಲ್ಪ ನಿಲ್ಲಿ ಸರ್’ ಎನ್ನುವುದಿಲ್ಲ. ಏದುಸಿರು ಬಿಡುತ್ತಾ ಹಿಂದೆ ಬರುತ್ತಾರೆ, ಆಮೇಲೆ ಒಮ್ಮೆಲೇ ಕೂತುಬಿಡುತ್ತಾರೆ. ಮ್ಯಾನೇಜರನ್ನು ನಡುವೆ ಹಾಕಿ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮಧುಗಿರಿ. ಚೀಲದಲ್ಲಿ ನೀರು, ತಿನಿಸು, ಮದ್ದು ಬಿಟ್ಟು ಉಳಿದದ್ದನ್ನು ತೋಟದ ಮನೆಯಲ್ಲೇ ಬಿಡಿ. ಸಮುದ್ರ ಮಟ್ಟದಿಂದ 3,900 ಅಡಿಗೂ ಮೇಲಿರುವ ಇದು ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು. ಕೋಟೆಯ ಬಾಗಿಲುಗಳನ್ನು ದಾಟಿದ ಮೇಲೆ ಬರೀ ಬಂಡೆ. ಅದರಲ್ಲೇ ಕೊರೆದ ಪಾದ ಹಿಡಿಯುವಷ್ಟು ಕಚ್ಚುಗಳು, ಕೆಲವೆಡೆ ಕಂಬಿ. ನೆರಳಿಲ್ಲ. ಮಧುಗಿರಿ ಎಂಬ ಹೆಸರು ಬಂದದ್ದೇ ಜೇನಿನಿಂದ ಎನ್ನುತ್ತಾರೆ, ಹೆಜ್ಜೇನು ಇಂದಿಗೂ ಬಂಡೆಗೆ ಕಟ್ಟುತ್ತದೆ. ಸೆಂಟು ಬಳಿದುಕೊಂಡು ಬರಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ, ಕಿರುಚಬೇಡಿ.

ಹತ್ತುವಾಗ ಯಾರೂ ಬೀಳುವುದಿಲ್ಲ. ಇಳಿಯುವಾಗ, ಊಟದ ನೆನಪು ಬಂದಾಗ ಬೀಳುತ್ತಾರೆ. ಮೈಯನ್ನು ಹಿಂದಕ್ಕೆ ವಾಲಿಸಿದರೆ ಅಟ್ಟೆ ಬಂಡೆಯ ಹಿಡಿತ ಬಿಡುತ್ತದೆ. ಮಂಡಿ ಸ್ವಲ್ಪ ಬಾಗಿಸಿ, ಮೈಯ ಭಾರ ನೇರವಾಗಿ ಪಾದದ ಮೇಲೆ ಬರಲಿ, ಇಡೀ ಅಂಗಾಲು ಬಂಡೆಗೆ ಒತ್ತಲಿ, ಹೆಜ್ಜೆ ಗಿಡ್ಡದಾಗಿರಲಿ. ತೀರಾ ಕಡಿದಾದಲ್ಲಿ ಕೂತು ಜರುಗಿ. ಪ್ಯಾಂಟು ಹರಿದರೆ ಹೊಲಿಸಬಹುದು. ಮೊಬೈಲ್ ಹಿಡಿದು ಇಳಿಯುವವರಿಗೆ ಮಾತ್ರ ನಾನು ಕಚೇರಿಯ ಮರ್ಯಾದೆ ಬಿಟ್ಟು ಬೈಯುತ್ತೇನೆ.

ರಾತ್ರಿ ಮನೆಗೆ ಬಂದು ಚೀಲ ಬಿಚ್ಚಿದಾಗ ಬಳಸದೆ ವಾಪಸ್ ತಂದದ್ದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ. ಮದ್ದು, ಟಾರ್ಚು ಬಿಟ್ಟು ಉಳಿದದ್ದು ಮುಂದಿನ ಸಲ ಬೇಡ. ಲೆಕ್ಕಪತ್ರದ ಗೆಳೆಯ ಹೀಗೆ ಮಾಡಿಯೇ ಮೂರನೆಯ ಪ್ರವಾಸಕ್ಕೆ ಏಳು ಕೆ.ಜಿ. 800 ಗ್ರಾಮಿಗೆ ಇಳಿದ. ಅದೇ ಅಡಿಕೆ ತಕ್ಕಡಿಯಲ್ಲಿ ತೂಗಿಸಿ ತೋರಿಸಿದ. ಚಾರ್ಜರ್ ಇನ್ನೂ ಒಳಗಿತ್ತು.