ಪಾಸ್‌ಪೋರ್ಟ್ ಅರ್ಜಿಗೆ ಮೊದಲು ಹೆಸರು ಸರಿ ಮಾಡಿಸಿಕೊಂಡೆ

ಪಾಸ್‌ಪೋರ್ಟ್ ಮಾಡಿಸಬೇಕು ಅಂತ ಮನಸ್ಸು ಮಾಡಿದ ದಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್ ಮೂರನ್ನೂ ಮಂಚದ ಮೇಲೆ ಹರಡಿಕೊಂಡು ಹೆಸರನ್ನು ಒಂದೊಂದೇ ಅಕ್ಷರ ಓದಿದೆ. ಅಂಕಪಟ್ಟಿಯಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇದ್ದವು. ಆಧಾರ್‌ನಲ್ಲಿ ಅಪ್ಪನ ಹೆಸರಿನ ಜಾಗದಲ್ಲಿ ಬರೀ ಇನಿಷಿಯಲ್. 'ಪಾಟೀಲ' ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಒಂದರಲ್ಲಿ ಐ, ಇನ್ನೊಂದರಲ್ಲಿ ಎರಡು ಇ. ನಮ್ಮ ಕಡೆ ಇದು ಮನೆಮನೆಯ ಕಥೆ, ಅಲ್ವಾ? ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅಡ್ಡಹೆಸರಿಗೆ ಬೇರೆಯೇ ಜಾಗ ಇರುತ್ತದೆ.

ಅಂಕಪಟ್ಟಿ ತಿದ್ದಿಸಲು ಹೋದರೆ ಶಾಲೆ, ಬೋರ್ಡು ಅಂತ ಅಲೆಯಬೇಕು. ಅದನ್ನು ಮುಟ್ಟದೆ, ಅದಕ್ಕೆ ಹೊಂದುವ ಹಾಗೆ ಆಧಾರ್, ಪ್ಯಾನ್ ತಿದ್ದಿಸಿದೆ. ನಮ್ಮೂರು ಗೋಕಾಕದ ಹತ್ತಿರ, ಇರೋದು ಬೆಳಗಾವಿಯ ವಡಗಾವಿಯಲ್ಲಿ ಬಾಡಿಗೆಗೆ. ಬಾಡಿಗೆ ಕರಾರು ಪತ್ರ ಕೊಟ್ಟು ಆಧಾರ್‌ನಲ್ಲಿ ವಡಗಾವಿ ವಿಳಾಸವನ್ನೇ ಹಾಕಿಸಿದೆ. ಈಗ ವಾಸ ಇರುವ ಕಡೆಯೇ ಪೊಲೀಸರು ವಿಚಾರಿಸುತ್ತಾರೆ. ಹಳ್ಳಿ ವಿಳಾಸ ಕೊಟ್ಟು ಇಲ್ಲಿ ಕೂತರೆ ಸುಮ್ನೆ ತೊಂದರೆ.

ಅರ್ಜಿ ಆನ್‌ಲೈನ್. 36 ಪುಟದ ಪುಸ್ತಕಕ್ಕೆ 1500 ರೂಪಾಯಿ. ಸರ್ಕಾರಿ ವೆಬ್‌ಸೈಟ್ ಹೌದೋ ಅಲ್ಲವೋ ನೋಡಿಕೊಂಡೇ ದುಡ್ಡು ಕಟ್ಟಿ, ಅದನ್ನೇ ಹೋಲುವ ನಕಲಿಗಳಿವೆ.

ಅರ್ಜಿ ಹಾಕಿದ ಮೇಲೆ ಕಾಗದ ತೋರಿಸಲು ಹಿಂದೆಲ್ಲ ಹುಬ್ಬಳ್ಳಿಗೆ ಹೋಗಬೇಕಿತ್ತು. ಈಗ ಬೆಳಗಾವಿಯ ಹೆಡ್ ಪೋಸ್ಟ್ ಆಫೀಸಿನಲ್ಲೇ ಆಗುತ್ತದೆ. ಎಲ್ಲ ಮೂಲ ಪ್ರತಿ, ಜೊತೆಗೆ ಜೆರಾಕ್ಸ್ ಒಯ್ದಿದ್ದೆ. ಬೆರಳಚ್ಚು ಕೊಟ್ಟೆ, ಕಾಗದ ತೋರಿಸಿದೆ, ಮುಗಿಯಿತು. ಹತ್ತನೇ ಪಾಸಾದ ಅಂಕಪಟ್ಟಿಯನ್ನು ಮಾತ್ರ ಮರೆಯಬೇಡಿ. ಅದು ಹುಟ್ಟಿದ ದಿನಾಂಕಕ್ಕೂ ಆಗುತ್ತದೆ. ಅದಿಲ್ಲದೆ ಪಾಸ್‌ಪೋರ್ಟಿನಲ್ಲಿ 'ಇಸಿಆರ್' (ವಲಸೆ ತಪಾಸಣೆ ಬೇಕು) ಅಂತ ಬಂದರೆ, ಗಲ್ಫ್ ಕಡೆ ದುಡಿಯಲು ಹೋಗುವವರು ಮತ್ತೆ ವಲಸೆ ಅನುಮತಿ ತೆಗೆದುಕೊಳ್ಳಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಾದರೆ ಜನನ ಪ್ರಮಾಣಪತ್ರವೇ ಬೇಕು.

ಆಮೇಲೆ ಠಾಣೆಯಿಂದ ಫೋನ್ ಬಂತು. ಪೇದೆ ಮನೆಗೆ ಬಂದು ಬಾಗಿಲಲ್ಲೇ ನಿಂತು, "ಎಷ್ಟ್ ವರ್ಷ ಆತ್ರೀ ಇಲ್ಲಿಗೆ ಬಂದು? ಕೇಸ್ ಏನರ ಅದಾವೇನ್ರೀ?" ಅಂದರು. ಆಧಾರ್, ಕರಾರು ಪತ್ರ ನೋಡಿದರು. ಪಕ್ಕದ ಮನೆಯ ಕಾಕೂನ ಕರೆದು, "ಇವರು ನಿಮಗ ಗೊತ್ತೇನ್ರೀ?" ಅಂತ ಕೇಳಿದರು. ಕಾಕೂಗೆ ನಾನು ಮೊದಲೇ ಹೇಳಿಟ್ಟಿದ್ದೆ. ಇಲ್ಲದಿದ್ದರೆ ಪೊಲೀಸರನ್ನು ಕಂಡು ಗಾಬರಿ ಬೀಳುತ್ತಿದ್ದರು ಪಾಪ.

ಕೇಸಿನ ವಿಷಯ ಮುಚ್ಚಿಡಬೇಡಿ. ಕಬ್ಬಿನ ಹೋರಾಟದಲ್ಲಿ ಹೆಸರು ಸೇರಿದವರು ನಮ್ಮಲ್ಲಿ ಜಾಸ್ತಿ. ಕೋರ್ಟಿನಲ್ಲಿ ಕೇಸ್ ನಡೆಯುತ್ತಿದ್ದರೂ ಅದೇ ಕೋರ್ಟಿನಿಂದ ಅನುಮತಿ ಆದೇಶ ತಂದು ಅರ್ಜಿ ಹಾಕಲು ದಾರಿ ಇದೆ. ಸುಳ್ಳು ಹೇಳಿದರೆ 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲಿದೆ.

ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟಿನಲ್ಲಿ ಬಂತು. ಅವ್ವ ಕೈ ಚಾಚಿದರೂ ಪೋಸ್ಟ್‌ಮ್ಯಾನ್ ಕೊಡಲಿಲ್ಲ. ನಾನೇ ಬಂದು ಆಧಾರ್ ತೋರಿಸಿ ಸಹಿ ಮಾಡಿದ ಮೇಲೆ ಕೊಟ್ಟರು. ನಿಂತಲ್ಲೇ ಲಕೋಟೆ ಒಡೆದು ಮೊದಲು ಅಡ್ಡಹೆಸರು ನೋಡಿದೆ. ಒಂದೇ ಐ ಇತ್ತು.